ದೇವರ ಮೀನಿಗೆ ಕಾವಲು ಯಾರು?

ಸುಳ್ಯದಿಂದ ಮಡಿಕೇರಿಯ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಅರಂತೋಡಿನ ಬಳಿ ಒಳದಾರಿ ಹಿಡಿದರೆ, ಅಡಿಕೆ ತೋಟಗಳನ್ನು ದಾಟಿ, ಕಾಡಿನ ಸೆರಗಿನಲ್ಲಿ ತೊಡಿಕಾನವೆಂಬ ಹಳ್ಳಿ ಸಿಗುತ್ತದೆ. ಅಲ್ಲಿಯ ಮಲ್ಲಿಕಾರ್ಜುನ ದೇವಾಲಯಕ್ಕೆ ಬಂದವರು ದೇವರ ದರ್ಶನವಾದೊಡನೆ ಹಿಂದಿರುಗುವುದಿಲ್ಲ. ಪಕ್ಕದಲ್ಲಿ ಹರಿಯುವ ಹೊಳೆಗೆ ಇಳಿಯುತ್ತಾರೆ. ಮಕ್ಕಳ ಕೈಯಲ್ಲಿ ಒಂದು ಹಿಡಿ ಅಕ್ಕಿಯೋ ಮಂಡಕ್ಕಿಯೋ ಇರುತ್ತದೆ. ಅದನ್ನು ನೀರಿಗೆ ಎರಚಿದರೆ ಸಾಕು, ಅದುವರೆಗೆ ಕಲ್ಲಿನ ನೆರಳೆಂದು ತೋರುತ್ತಿದ್ದ ಕಪ್ಪು ಮೈಗಳು ಒಮ್ಮೆಲೇ ಚಲಿಸತೊಡಗುತ್ತವೆ. ಮೊಣಕೈಯುದ್ದದ ಮೀನುಗಳು, ಅದಕ್ಕೂ ಉದ್ದನೆಯವು, ಒಂದರ ಮೇಲೊಂದು ಏರಿ, ಬಾಯಿ ತೆರೆದು, ನೀರನ್ನು ಕುದಿಯುವ ಎಸರಿನಂತೆ ಕಲಕಿಬಿಡುತ್ತವೆ. ಈ ಸ್ಥಳಕ್ಕೆ ಮತ್ಸ್ಯತೀರ್ಥವೆಂದು ಹೆಸರು. ಮೀನುಗಳಿಗೆ ದೇವರ ಮೀನುಗಳೆಂದು.

ಅಲ್ಲಿ ಯಾರೂ ಗಾಳ ಹಾಕುವುದಿಲ್ಲ, ಬಲೆ ಬೀಸುವುದಿಲ್ಲ. ತುಳುನಾಡಿನಲ್ಲಿ ಮೀನಿನ ಸಾರಿಲ್ಲದೆ ಅನ್ನ ಇಳಿಯದ ಮನೆಗಳಿಗೆ ಕೊರತೆಯಿಲ್ಲ. ಆ ಮನೆಯವರೂ ಈ ಮಡುವಿನ ಮೀನಿಗೆ ಕೈ ಮುಗಿಯುತ್ತಾರೆಯೇ ಹೊರತು ಕೈ ಹಾಕುವುದಿಲ್ಲ. ಹಾಗೆ ಹಾಕಬಾರದೆಂದು ಬೋರ್ಡು ಬರೆದು ನಿಲ್ಲಿಸುವುದಕ್ಕೆ ಬಹಳ ಮೊದಲೇ ಅದು ಊರಿನ ಮನಸ್ಸಿನಲ್ಲಿ ಬರೆದಾಗಿತ್ತು. ಅರಣ್ಯ ಇಲಾಖೆ, ಮೀನುಗಾರಿಕಾ ಇಲಾಖೆ, ಜೀವವೈವಿಧ್ಯ ಮಂಡಳಿ ಇವೆಲ್ಲ ಹುಟ್ಟುವ ಮುನ್ನ, ಒಂದು ಹಳ್ಳಿ ಒಂದು ಜೀವಜಾತಿಯನ್ನು ಉಳಿಸಿಕೊಂಡ ರೀತಿ ಇದು.

ಆದರೆ ಮೀನಿಗೆ ದೇವಸ್ಥಾನದ ಎಲ್ಲೆ ತಿಳಿಯದು. ಕಥೆಯ ಕಷ್ಟವೆಲ್ಲ ಇಲ್ಲಿಂದಲೇ ಆರಂಭ.

ಮೀನಿನ ಕುಲಗೋತ್ರ

ಭಕ್ತರು ದೇವರ ಮೀನೆಂದು ಕರೆಯುವ ಈ ಜೀವಿಗೆ ಲೋಕದಲ್ಲಿ ಮಹಸೀರ್ ಎಂಬ ಹೆಸರು ಪ್ರಸಿದ್ಧ. ಹಿಮಾಲಯದ ತೊರೆಗಳಿಂದ ಸಹ್ಯಾದ್ರಿಯ ಹೊಳೆಗಳವರೆಗೆ ಇದರ ಬಳಗ ಹಬ್ಬಿದೆ. ದಕ್ಷಿಣದ ಹೊಳೆಗಳ ಒಂದು ಮುಖ್ಯ ಜಾತಿಯನ್ನು ಪುಣೆಯ ಬಳಿಯ ಮುಳಾ-ಮುಠಾ ನದಿಯಲ್ಲಿ ಕಂಡು 1839ರಲ್ಲಿ ವಿಜ್ಞಾನಲೋಕಕ್ಕೆ ಪರಿಚಯಿಸಿದವನು ಸೈಕ್ಸ್ ಎಂಬ ಆಂಗ್ಲ ಸೇನಾಧಿಕಾರಿ. ದಪ್ಪ ತುಟಿ, ತುಟಿಯಂಚಿಗೆ ಎರಡು ಜೊತೆ ಮೀಸೆ, ಮೈಮೇಲೆ ನಾಣ್ಯಗಳನ್ನು ಜೋಡಿಸಿದಂತೆ ದೊಡ್ಡ ದೊಡ್ಡ ಹುರುಪೆ. ಒಮ್ಮೆ ನೋಡಿದವರು ಮರೆಯುವ ಮೀನಲ್ಲ.

ಮಹಸೀರಿನ ಸ್ವಭಾವವನ್ನು ತಿಳಿಯದೆ ಅದರ ಸಂಕಟ ತಿಳಿಯಲಾರದು. ಕೆರೆಯ ನಿಂತ ನೀರು ಅದಕ್ಕೆ ಒಗ್ಗದು. ಬಂಡೆಗಳ ಮೇಲೆ ಧುಮುಕಿ ಪ್ರಾಣವಾಯುವನ್ನು ತುಂಬಿಕೊಂಡು ಬರುವ ತಿಳಿನೀರು ಬೇಕು. ಬೇಸಗೆಯಲ್ಲಿ ತಂಗಲು ಆಳವಾದ ಮಡು ಬೇಕು. ಮಳೆಗಾಲ ಬಂದು ಹೊಳೆ ಏರಿದಾಗ ಮೇಲ್ಮುಖವಾಗಿ ಈಜಿ, ಕಿರುತೊರೆಗಳ ಗರಸುಗಲ್ಲಿನ ತಳದಲ್ಲಿ ಮೊಟ್ಟೆಯಿಡಬೇಕು. ಮೊಟ್ಟೆಗಳೋ, ಕಾಟ್ಲಾ ರೋಹುಗಳಿಗೆ ಹೋಲಿಸಿದರೆ ಬಹಳ ಕಡಿಮೆ. ಅವನ್ನೂ ಒಂದೇ ಬಾರಿಗೆ ಇಡದೆ ಕಂತು ಕಂತಾಗಿ ಇಡುತ್ತದೆ. ಬೆಳವಣಿಗೆ ನಿಧಾನ. ಆಹಾರದಲ್ಲಿ ಮಾತ್ರ ಹಟವಿಲ್ಲ: ಹುಳು, ಶಂಖದ ಹುಳ, ಪಾಚಿ, ಚಿಕ್ಕ ಮೀನು, ದಡದ ಮರಗಳಿಂದ ನೀರಿಗುದುರುವ ಹಣ್ಣು, ಬೀಜ ಎಲ್ಲವೂ ಆಗುತ್ತದೆ. ಹೀಗೆ ಮಡು, ತೊರೆ, ಗರಸು, ದಡದ ಮರ, ಇವೆಲ್ಲ ಸೇರಿ ಒಂದು ಮಹಸೀರಾಗುತ್ತದೆ. ಇವುಗಳಲ್ಲಿ ದೇವಸ್ಥಾನದ ರಕ್ಷಣೆ ದೊರೆತಿರುವುದು ಮಡುವಿಗೆ ಮಾತ್ರ.

ತೊಡಿಕಾನದ ಹೊಳೆ ಪಯಸ್ವಿನಿಯ ಬಳಗದ್ದು. ಪಯಸ್ವಿನಿ ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸುಳ್ಯದ ಪೇಟೆಯ ಬದಿಯಲ್ಲಿ ಹರಿದು, ಗಡಿ ದಾಟಿ, ಚಂದ್ರಗಿರಿ ಎಂಬ ಹೆಸರು ಹೊತ್ತು ಕಾಸರಗೋಡಿನ ಬಳಿ ಸಮುದ್ರ ಸೇರುತ್ತದೆ. ಉತ್ತರಕ್ಕಿರುವ ಇನ್ನೊಂದು ನದಿ ಕುಮಾರಧಾರೆ. 1712 ಮೀಟರು ಎತ್ತರದ ಕುಮಾರಪರ್ವತದ ಸೀಮೆಯಲ್ಲಿ ಹುಟ್ಟಿ, ಈಗ ಕಡಬ ತಾಲ್ಲೂಕಿಗೆ ಸೇರಿದ ಸುಬ್ರಹ್ಮಣ್ಯದಲ್ಲಿ ಲಕ್ಷೋಪಲಕ್ಷ ಭಕ್ತರ ಪಾದ ತೊಳೆದು, ಪುತ್ತೂರು ತಾಲ್ಲೂಕಿನ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಮೂರು ತಾಲ್ಲೂಕುಗಳ ಬದುಕು ಈ ಎರಡು ನದಿಗಳ ಕೈಯಲ್ಲಿದೆಯೆಂದರೆ ಅತಿಶಯೋಕ್ತಿಯಲ್ಲ. ಪುತ್ತೂರು ನಗರದ ನಲ್ಲಿಗಳಿಗೆ ನೀರು ಬರುವುದು ನೆಕ್ಕಿಲಾಡಿಯಲ್ಲಿ ಕುಮಾರಧಾರೆಯಿಂದ. ಸುಳ್ಯದ ನಲ್ಲಿಗಳಿಗೆ ಕಲ್ಲುಮುಟ್ಲುವಿನಲ್ಲಿ ಪಯಸ್ವಿನಿಯಿಂದ. ಮಹಸೀರು ಉಸಿರಾಡುವ ನೀರನ್ನೇ ಪೇಟೆಯ ಗೃಹಿಣಿ ಒಲೆಯ ಮೇಲೆ ಕಾಯಿಸುತ್ತಾಳೆ.

ಕಲೆಕ್ಟರನ ದೂರು

ಈ ಜಿಲ್ಲೆಯ ಮೀನಿನ ಅಳಿವು ನಿನ್ನೆ ಮೊನ್ನೆಯ ಮಾತಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ದಕ್ಷಿಣ ಕನ್ನಡದಲ್ಲಿ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬಾತನಿಗೆ ಗಾಳದ ಹುಚ್ಚು ವಿಪರೀತ. ಜಿಲ್ಲೆಯ ಹೊಳೆಗಳಲ್ಲಿ ಅಲೆದು ಅವನು ಬರೆದ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕ 1873ರಲ್ಲಿ ಮಂಗಳೂರಿನಲ್ಲಿಯೇ ಪ್ರಕಟವಾಯಿತು. ಮಹಸೀರು ಹಿಡಿಯುವ ಕಲೆಗೆ ಅದರಲ್ಲಿ ಅಗ್ರಸ್ಥಾನ. ಬೇಟೆಗಾರನೇ ಮೊದಲ ರಕ್ಷಕನಾಗುವ ವಿಚಿತ್ರ ಎಷ್ಟೋ ಕಡೆ ಕಾಣುತ್ತದೆ, ಇಲ್ಲಿಯೂ ಹಾಗೆಯೇ. ಆ ಪುಸ್ತಕಕ್ಕೂ ಮುಂಚೆ ಅವನು ಜಿಲ್ಲೆಯ ಮೀನು ಸಾಕಣೆಯ ವಿಷಯವಾಗಿ ಸರ್ಕಾರಕ್ಕೆ ವರದಿಯೊಂದನ್ನು ಬರೆದಿದ್ದ. ಹೊಳೆಗೆ ವಿಷ ಬೆರೆಸುವುದೂ ಸಣ್ಣ ಕಣ್ಣಿನ ಬಲೆಗಳಿಂದ ಮರಿಗಳನ್ನು ಬಾಚುವುದೂ ಅವನ ಮುಖ್ಯ ದೂರುಗಳು.

ಆಗಿನ ವಿಷವೆಂದರೆ ಕಾರೆಕಾಯಿಯಂಥ ಕಾಡಿನ ಕಾಯಿಗಳು. ಜಜ್ಜಿ ನೀರಿಗೆ ಕಲಕಿದರೆ ಮೀನು ಅಮಲೇರಿ ತೇಲುತ್ತಿತ್ತು. ಕಾಯಿಯ ವಿಷ ಹರಿವಿನೊಂದಿಗೆ ತೆಳುವಾಗಿ ತೀರುತ್ತಿತ್ತು. ಬಳಿಕ ಬಂದದ್ದು ತೋಟೆ. ಕಲ್ಲು ಒಡೆಯಲು ತಂದ ಸಿಡಿಮದ್ದು ಕತ್ತಲಾದ ಮೇಲೆ ಹೊಳೆಗೂ ಇಳಿಯಿತು. ನೀರಿನೊಳಗೆ ಅದು ಸಿಡಿದಾಗ ಮೀನಿನ ಹೊಟ್ಟೆಯೊಳಗಿನ ಗಾಳಿಚೀಲ ಒಡೆಯುತ್ತದೆ. ತೇಲಿದಷ್ಟನ್ನು ಆಯ್ದುಕೊಳ್ಳುತ್ತಾರೆ, ಮುಳುಗಿದವುಗಳನ್ನು ಯಾರೂ ಲೆಕ್ಕಕ್ಕೆ ತರುವುದಿಲ್ಲ. ಹೆಬ್ಬೆರಳಿನಷ್ಟು ಮರಿಯಿಂದ ಹದಿನೈದು ವರ್ಷದ ಹಿರಿಯ ಮೀನಿನವರೆಗೆ ಒಂದು ಮಡುವಿನ ಇಡೀ ಸಂಸಾರ ಒಂದೇ ಕ್ಷಣದಲ್ಲಿ ಮುಗಿಯುತ್ತದೆ.

ಸರ್ಕಾರ ಸುಮ್ಮನಿತ್ತೆಂದಲ್ಲ. 1897ರ ಭಾರತೀಯ ಮೀನುಗಾರಿಕಾ ಕಾಯಿದೆಯು ಹೊಳೆಗೆ ಸಿಡಿಮದ್ದು ಹಾಕುವುದನ್ನೂ ವಿಷವಿಕ್ಕುವುದನ್ನೂ ಅಪರಾಧವೆಂದು ಸಾರಿತು. ಶಿಕ್ಷೆ ಹೆಚ್ಚೆಂದರೆ ಎರಡು ತಿಂಗಳ ಸೆರೆ ಅಥವಾ 200 ರೂಪಾಯಿ ದಂಡ. 1897ರಲ್ಲಿ ಅದು ದೊಡ್ಡ ಮೊತ್ತವೇ ಸರಿ. ಮುಂದೆ ಕರ್ನಾಟಕಕ್ಕೆ ತನ್ನದೇ ಆದ, 1996ರ ಒಳನಾಡು ಮೀನುಗಾರಿಕಾ ಕಾಯಿದೆಯೂ ಬಂದಿತು. ಕಾಗದದ ಮೇಲೆ ಮೀನಿಗೆ ಯಾವ ಕೊರತೆಯೂ ಇಲ್ಲ. ರಾತ್ರಿ ಹನ್ನೊಂದು ಗಂಟೆಗೆ, ಮಳೆ ಸುರಿಯುತ್ತಿರುವಾಗ, ಕಾಡಿನ ನಡುವಿನ ಹೊಳೆಯಲ್ಲಿ ತೋಟೆಯ ಸದ್ದು ಕೇಳಿದರೆ ಕಾಯಿದೆಯನ್ನು ಅಲ್ಲಿಗೆ ಹೊತ್ತುಕೊಂಡು ಹೋಗುವವರು ಬೇಕಷ್ಟೆ.

ಶಿಶಿಲದ ಕಲ್ಲು

ಕಡಬಕ್ಕೆ ಸಮೀಪದಲ್ಲಿ, ಬೆಳ್ತಂಗಡಿ ತಾಲ್ಲೂಕಿಗೆ ಸೇರಿದ ಶಿಶಿಲದಲ್ಲಿಯೂ ಇಂಥದೇ ಮತ್ಸ್ಯತೀರ್ಥವಿದೆ. ಶಿಶಿಲೇಶ್ವರ ದೇವಾಲಯದ ಮುಂದೆ ಕಪಿಲಾ ಹೊಳೆ. ಹೊಳೆಯ ತುಂಬ ಮೀನು. 1996ರಲ್ಲಿ ದುಷ್ಕರ್ಮಿಗಳು ಆ ಹೊಳೆಗೆ ವಿಷವಿಕ್ಕಿದರು. ಸಾವಿರಾರು ಮೀನುಗಳು ಸತ್ತು ತೇಲಿದವು. ಊರವರು ಅವುಗಳ ನೆನಪಿಗೆ ಒಂದು ಸ್ಮಾರಕವನ್ನು ನಿಲ್ಲಿಸಿದರು. ಅರಸರಿಗೆ, ವೀರರಿಗೆ, ಸತಿಯರಿಗೆ ಕಲ್ಲು ನಿಲ್ಲಿಸಿದ ಕನ್ನಡ ನಾಡಿನಲ್ಲಿ ಮೀನುಗಳಿಗೂ ಒಂದು ಕಲ್ಲು ನಿಂತಿದೆ!

ಆ ಸ್ಮಾರಕದ ಅರ್ಥವನ್ನು ಎರಡು ಬಗೆಯಾಗಿ ಹೇಳಬಹುದು. ಊರಿನ ಶೋಕ ಅಷ್ಟು ನಿಜವಾಗಿತ್ತು ಎನ್ನುವುದು ಒಂದು. ದೇವರ ಭಯ ಎಲ್ಲರನ್ನೂ ತಡೆಯಲಾರದು ಎನ್ನುವುದು ಇನ್ನೊಂದು. ನಂಬಿಕೆಯ ಕಾವಲು ನಂಬುವವರ ಮಟ್ಟಿಗೆ ಗಟ್ಟಿ. ನಂಬದವನೊಬ್ಬ ಒಂದು ಡಬ್ಬಿ ವಿಷ ಹಿಡಿದು ಬಂದರೆ ಅದು ಕೈಕಟ್ಟಿ ನಿಲ್ಲುತ್ತದೆ. ಆದರೂ ಶಿಶಿಲದಲ್ಲಿ ಮೀನು ಮತ್ತೆ ತುಂಬಿಕೊಂಡಿತು. ಹೊಳೆಯ ಮೇಲುಭಾಗದಲ್ಲಿಯೂ ಕೆಳಭಾಗದಲ್ಲಿಯೂ ಸಂತಾನ ಉಳಿಯದಿದ್ದರೆ ಅದು ಸಾಧ್ಯವಿರಲಿಲ್ಲ. ಇದನ್ನು ಯಾರೂ ಸಾಕಷ್ಟು ಎತ್ತಿ ಹೇಳುವುದಿಲ್ಲ: ಅಂದು ಮಡುವನ್ನು ಕಾಪಾಡಿದ್ದು ಮಡುವಿನ ಆಚೆಯ ಹೊಳೆ.

ಶೃಂಗೇರಿಯ ತುಂಗಾತೀರ, ತೀರ್ಥಹಳ್ಳಿಯ ಬಳಿಯ ಚಿಪ್ಪಲಗುಡ್ಡೆ, ಹಾಸನ ಜಿಲ್ಲೆಯ ರಾಮನಾಥಪುರದಲ್ಲಿ ಕಾವೇರಿ, ಹೀಗೆ ನಾಡಿನ ಬೇರೆ ಕಡೆಗಳಲ್ಲಿಯೂ ಮೀನಿಗೆ ಅಭಯವಿತ್ತ ಸ್ಥಳಗಳುಂಟು. ಎಲ್ಲೆಡೆಯೂ ಚಿತ್ರ ಒಂದೇ. ಮೆಟ್ಟಿಲಿನ ಬಳಿ ಮೀನು ಕಿಕ್ಕಿರಿದಿದೆ. ನಾಲ್ಕು ಫರ್ಲಾಂಗು ಕೆಳಗೆ ಹೋದರೆ ಗಾಳದವರು ಕುಳಿತಿದ್ದಾರೆ.

ಭಕ್ತಿಯೇ ಭಾರವಾದಾಗ

ಸುಬ್ರಹ್ಮಣ್ಯದ ಸ್ನಾನಘಟ್ಟದಲ್ಲಿ ಕುಮಾರಧಾರೆಗೆ ಬಂದೊದಗಿರುವ ಕಷ್ಟ ಬೇರೆ ತೆರನದು. ಅಲ್ಲಿ ಮೀನನ್ನು ಕೊಲ್ಲಬೇಕೆಂದು ಯಾರೂ ಬರುವುದಿಲ್ಲ. ಪುಣ್ಯಕ್ಕೆಂದು ಬರುತ್ತಾರೆ, ಸಾಬೂನು ಹಚ್ಚಿ ಮೀಯುತ್ತಾರೆ, ಉಟ್ಟ ಬಟ್ಟೆಯನ್ನು ನೀರಿಗೆ ಬಿಟ್ಟರೆ ದೋಷ ಕಳೆಯುತ್ತದೆಂದು ಬಿಟ್ಟುಹೋಗುತ್ತಾರೆ. ಬಟ್ಟೆ ಬಂಡೆಗಳ ಸಂದಿನಲ್ಲಿ ಸಿಕ್ಕಿ, ಕೊಳೆತು, ಗರಸಿನ ಮೇಲೆ ಕೂರುತ್ತದೆ. ಮೀನಿಗೆಂದು ತಂದ ತಿಂಡಿಯ ಪ್ಲಾಸ್ಟಿಕ್ ಚೀಲವೂ ಮೀನಿನ ಹಿಂದೆಯೇ ನೀರಿಗಿಳಿಯುತ್ತದೆ. ಮಿತಿಮೀರಿ ಎರಚಿದ ಅಕ್ಕಿ ತಳದಲ್ಲಿ ಕೊಳೆತು ನೀರಿನ ಪ್ರಾಣವಾಯುವನ್ನು ಕುಡಿಯುತ್ತದೆ. ಬೇಸಗೆಯಲ್ಲಿ ಹರಿವು ನೂಲಿನಂತಾದಾಗ ಇದರ ಪೆಟ್ಟು ಜೋರು. ಸ್ವಯಂಸೇವಕ ತರುಣರ ತಂಡಗಳು ಸೊಂಟದುದ್ದ ನೀರಿಗಿಳಿದು ರಾಶಿ ರಾಶಿ ಬಟ್ಟೆ ಮೇಲೆತ್ತಿದ್ದುಂಟು. ಶ್ಲಾಘನೀಯ ಕಾರ್ಯ, ಸಂದೇಹವಿಲ್ಲ. ಆದರೆ ಎತ್ತುವ ಕೈ ವರ್ಷಕ್ಕೆ ಒಂದೆರಡು ದಿನ ಬರುತ್ತದೆ. ಬಿಡುವ ಕೈ ದಿನವೂ ಬರುತ್ತದೆ. ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಸುಬ್ರಹ್ಮಣ್ಯಕ್ಕೆ ಹೊರಡುವ ಕುಟುಂಬವು ಹಳೆಯ ಪಂಚೆಯನ್ನು ಮರಳಿ ಚೀಲದಲ್ಲಿಟ್ಟುಕೊಂಡು ಬಂದರೆ ಸ್ವಾಮಿ ಮುನಿದಾನೆಂದು ಹೇಳುವ ಶಾಸ್ತ್ರ ಯಾವುದಿದೆ?

ಸುಬ್ರಹ್ಮಣ್ಯದ ಸೀಮೆ ಮೀನಿಗಷ್ಟೇ ಹೆಸರಾದುದಲ್ಲ. ಅಳಿದೇಹೋಯಿತೆಂದು 1998ರಲ್ಲಿ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿದ್ದ, ಹಿಪ್ಪೆಯ ಬಳಗದ ಮಧುಕಾ ಇನ್ಸಿಗ್ನಿಸ್ ಎಂಬ ಮರ ಮತ್ತೆ ಕಾಣಿಸಿಕೊಂಡದ್ದು ಇದೇ ಕುಮಾರಧಾರೆಯ ದಡದಲ್ಲಿ. ಹೊಳೆಯಂಚನ್ನೇ ನಚ್ಚಿದ ಮರ ಅದು. ದಡದ ಗಿಡಗಂಟಿಯನ್ನು ‘ಸ್ವಚ್ಛ’ ಮಾಡಿ ತೋಟವನ್ನು ನೀರಿನವರೆಗೆ ವಿಸ್ತರಿಸುವಾಗ ಕತ್ತಿಗೆ ಸಿಕ್ಕ ಮರ ಯಾವ ಪಟ್ಟಿಯಲ್ಲಿದೆಯೆಂದು ಯಾರು ನೋಡುತ್ತಾರೆ! ಉತ್ತರಕ್ಕೆ ಶಿರಾಡಿ ಘಾಟಿಯ ಬುಡದ ಗುಂಡ್ಯದ ಹೆಸರನ್ನು ಒಂದು ಕಪ್ಪೆಯೇ ತನ್ನ ವೈಜ್ಞಾನಿಕ ನಾಮದಲ್ಲಿ ಹೊತ್ತಿದೆ. ಆ ಗುಂಡ್ಯದಲ್ಲಿ ಉದ್ದೇಶಿಸಿದ್ದ ಜಲವಿದ್ಯುತ್ ಯೋಜನೆಗೆ ಅನುಮತಿ ಕೊಡಬಾರದೆಂದು ಮಾಧವ ಗಾಡ್ಗೀಳರ ಸಮಿತಿ 2011ರಲ್ಲಿ ಹೇಳಿತು. ಗಾಡ್ಗೀಳರ ವರದಿಯ ಮಾತೆತ್ತಿದರೆ ಈ ಭಾಗದ ರೈತನ ಹುಬ್ಬು ಗಂಟಿಕ್ಕುವುದು ಇಂದಿಗೂ ಉಂಟು. ತನ್ನ ತೋಟಕ್ಕೆ ಬೇಲಿ ಬೀಳುವುದೆಂಬ ಭಯ ಅವನದು. ಕಾಡಿನ ಪರವಾಗಿ ಮಾತನಾಡುವವರು ಈ ಭಯವನ್ನು ತಿಳಿಗೇಡಿತನವೆಂದು ತಳ್ಳಿಹಾಕಿದ್ದರಿಂದ ಕಾಡಿಗೆ ಲಾಭವಾಗಲಿಲ್ಲ.

ಮೈಲುತುತ್ತದ ಲೆಕ್ಕ

ಏಕೆಂದರೆ ಹೊಳೆಯ ಭವಿಷ್ಯ ಬಹುಮಟ್ಟಿಗೆ ಆ ರೈತನ ಕೈಯಲ್ಲಿದೆ. ಪುತ್ತೂರು, ಸುಳ್ಯ, ಕಡಬಗಳೆಂದರೆ ಅಡಿಕೆ. ಅಡಿಕೆಯೆಂದರೆ ಕೊಳೆರೋಗದ ಭಯ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ 1910ರ ಸುಮಾರಿಗೆ ಈ ರೋಗವನ್ನು ಅಭ್ಯಸಿಸಿ ಬೋರ್ಡೋ ದ್ರಾವಣದ ದಾರಿ ತೋರಿಸಿದ. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮುಂಗಾರು ಹಿಡಿಯುವ ಮುನ್ನ ಒಂದು ಸಿಂಪಡಣೆ, ನಲವತ್ತು ನಲವತ್ತೈದು ದಿನಗಳ ಬಳಿಕ ಇನ್ನೊಂದು. ಶತಮಾನ ಕಳೆದರೂ ಇದಕ್ಕೆ ಸರಿಸಾಟಿ ಬೇರೆ ಬಂದಿಲ್ಲ. ಮದ್ದು ಬಿಡದಿದ್ದರೆ ಗೊನೆ ಉದುರುತ್ತದೆ. ಗೊನೆ ಉದುರಿದರೆ ಮಗಳ ಮದುವೆ ಮುಂದಕ್ಕೆ ಹೋಗುತ್ತದೆ. ಅರಂತೋಡು, ಸಂಪಾಜೆ, ತೊಡಿಕಾನಗಳ ತೋಟಗಳನ್ನಂತೂ ಹಳದಿರೋಗ ದಶಕಗಳಿಂದ ತಿನ್ನುತ್ತಿದೆ. ಈಚೆಗೆ ಎಲೆಚುಕ್ಕಿಯೂ ಜೊತೆಗೂಡಿದೆ. ಇಂಥವನ ಮುಂದೆ ನಿಂತು ‘ಮೀನಿಗಾಗಿ ಮದ್ದು ನಿಲ್ಲಿಸು’ ಎನ್ನುವುದು ನ್ಯಾಯವಲ್ಲ.

ಆದರೆ ತಾಮ್ರ ಮೀನಿಗೆ ಕಡುವಿಷ. ನೀರು ಮೃದುವಾದಷ್ಟೂ ಆ ವಿಷ ತೀಕ್ಷ್ಣ. ಕರಾವಳಿಯ ಮಳೆಯ ಹೊಳೆಗಳ ನೀರು ಮೃದು. ಇನ್ನೂ ಒಂದು ದುರ್ಯೋಗವೆಂದರೆ, ಸಿಂಪಡಣೆಯ ಕಾಲವೂ ಮಹಸೀರು ಮೊಟ್ಟೆಯಿಡಲು ತೊರೆ ಹತ್ತುವ ಕಾಲವೂ ಒಂದೇ. ಪೀಪಾಯಿ, ಪಂಪು, ಕೊಳವೆಗಳನ್ನು ತೊಳೆಯಲು ತೋಟದ ಬದಿಯ ತೋಡಿಗಿಂತ ಅನುಕೂಲವಾದ ಸ್ಥಳ ಬೇರೆ ಯಾವುದಿದೆ? ತೊಳೆದ ನೀರು ನೇರವಾಗಿ ಮರಿಗಳಿರುವಲ್ಲಿಗೆ ಹೋಗುತ್ತದೆ.

ಇಲ್ಲಿ ವಿದ್ಯಾವಂತರು ಗಮನಿಸಬೇಕಾದ ಒಂದು ಸಂಗತಿಯಿದೆ. ಬೋರ್ಡೋ ಪಾಕ ಸರಿಯಾಗಿದೆಯೇ ಎಂದು ತಿಳಿಯಲು ಅನುಭವಿ ರೈತರು ಹೊಳೆಯುವ ಚೂರಿಯ ಅಲಗನ್ನು ಅದರಲ್ಲಿ ಅದ್ದುತ್ತಾರೆ. ಅಲಗಿನ ಮೇಲೆ ಕೆಂಪು ಬಣ್ಣ ಕುಳಿತರೆ ಸುಣ್ಣ ಸಾಲದು, ಬಿಡಿ ತಾಮ್ರ ಉಳಿದಿದೆ ಎಂದು ಅರ್ಥ. ಬಣ್ಣ ಕೂರದವರೆಗೆ ಸುಣ್ಣದ ತಿಳಿ ಸೇರಿಸುತ್ತಾರೆ. ಅಡಿಕೆಯ ಎಳೆಗಾಯಿ ಸುಡದಿರಲೆಂದು ಮಾಡುವ ಪರೀಕ್ಷೆ ಇದು. ನೀರಿನಲ್ಲಿ ಮೀನಿನ ಕಿವಿರನ್ನು ಸುಡುವುದೂ ಆ ಬಿಡಿ ತಾಮ್ರವೇ. ಚೂರಿಯನ್ನು ತಪ್ಪದೆ ಅದ್ದುವುದು, ಪೀಪಾಯಿಯನ್ನು ತೋಡಿನಿಂದ ದೂರ, ತೋಟದ ಮಣ್ಣಿನ ಮೇಲೆ ತೊಳೆಯುವುದು: ಇವೆರಡಕ್ಕೆ ರೈತನಿಗೆ ಕಾಸಿನ ಖರ್ಚಿಲ್ಲ. ಇದನ್ನು ಅವನ ಮನೆಯ ಜಗಲಿಯಲ್ಲಿ ಕುಳಿತು ಹೇಳಬಲ್ಲವರು ಇಲಾಖೆಯ ಅಧಿಕಾರಿಗಳಲ್ಲ. ಪುತ್ತೂರಿನಲ್ಲೋ ಸುಳ್ಯದಲ್ಲೋ ಕಾಲೇಜಿಗೆ ಹೋಗುತ್ತಿರುವ ಅವನ ಮಗ, ಅವನ ಮಗಳು.

ತರುಣರ ಪಾಲು

ತರುಣರಿಗೆ ಈ ಕೆಲಸ ಹೊಸದಲ್ಲ. ಮಳೆ ನಿಂತು ಹೊಳೆ ಇಳಿದಾಗ ಮಣ್ಣು, ಕಲ್ಲು, ಮರಳಿನ ಚೀಲಗಳಿಂದ ಕಟ್ಟ ಕಟ್ಟುವುದು ಈ ಸೀಮೆಯ ಹಳೆಯ ಸಂಪ್ರದಾಯ. ಊರವರೆಲ್ಲ ಸೇರಿ ಕಟ್ಟುವುದು, ಮಳೆಗಾಲಕ್ಕೆ ಮುನ್ನ ಬಿಡಿಸುವುದು. ಕೂಡುಕುಟುಂಬಗಳು ಒಡೆದು ಕೈಗಳು ಕಡಿಮೆಯಾದಂತೆ ಕಟ್ಟಗಳೂ ಕಡಿಮೆಯಾದವು, ಕೊಳವೆಬಾವಿಗಳು ಹೆಚ್ಚಿದವು. ಈಗ ಹಲವೆಡೆ ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳು ರೈತರೊಡನೆ ಹೊಳೆಗಿಳಿದು ಕಟ್ಟ ಕಟ್ಟುತ್ತಿದ್ದಾರೆ. ನಿಂತ ನೀರು ಬಾವಿಗಿಳಿಯುತ್ತದೆ. ಏಪ್ರಿಲಿನಲ್ಲಿ ಒಣಗುತ್ತಿದ್ದ ಮಡು ಮೇ ತನಕ ಉಳಿಯುತ್ತದೆ. ಮೀನಿಗೆ ಆ ಒಂದು ತಿಂಗಳೇ ಸಾವು ಬದುಕಿನ ನಡುವಿನ ಅಂತರ.

ಪುತ್ತೂರಿಗಂತೂ ಇದರಲ್ಲಿ ದೊಡ್ಡ ಪರಂಪರೆಯಿದೆ. ಶಿವರಾಮ ಕಾರಂತರು ಬಾಲವನವನ್ನು ಕಟ್ಟಿ ಮಕ್ಕಳಿಗೆ ಪಾಠದ ಗೋಡೆಯಾಚೆಯ ಜಗತ್ತನ್ನು ತೋರಿಸಿದ್ದು ಈ ಊರಿನಲ್ಲಿ. 1936ರಲ್ಲಿ ಕನ್ನಡದ ಮಕ್ಕಳಿಗೆ ‘ಬಾಲಪ್ರಪಂಚ’ವನ್ನು ಕೊಟ್ಟ ಅವರು, 1989ರಲ್ಲಿ, ಎಂಬತ್ತೇಳರ ಇಳಿವಯಸ್ಸಿನಲ್ಲಿ, ಪರಿಸರದ ಮಾತನ್ನು ಮುಂದಿಟ್ಟುಕೊಂಡು ಉತ್ತರ ಕನ್ನಡದಿಂದ ಲೋಕಸಭೆಯ ಚುನಾವಣೆಗೂ ನಿಂತರು. ಸೋತರೆಂಬುದು ಬೇರೆ ಮಾತು.

2002ರ ಜೀವವೈವಿಧ್ಯ ಕಾಯಿದೆಯು ಪ್ರತಿ ಗ್ರಾಮ ಪಂಚಾಯತಿಯಲ್ಲಿಯೂ ಒಂದು ನಿರ್ವಹಣಾ ಸಮಿತಿಯಿರಬೇಕು, ಊರಿನ ಗಿಡ, ಮೀನು, ಹಕ್ಕಿ, ಬೀಜ, ಮದ್ದುಗಳ ತಿಳಿವಳಿಕೆಯನ್ನೆಲ್ಲ ಜನತಾ ದಾಖಲೆಯಲ್ಲಿ ಬರೆಯಬೇಕು ಎಂದು ವಿಧಿಸಿತು. ಸೊಗಸಾದ ಯೋಚನೆ. ವರ್ಷಗಳು ಕಳೆದರೂ ಕೆಲಸ ಸಾಗದಿದ್ದಾಗ ಹಸಿರು ನ್ಯಾಯಾಧಿಕರಣವು 2020ರ ಜನವರಿ 31ರ ಗಡುವು ಹಾಕಿತು. ಗಡುವಿನ ಭಯದಿಂದ ದೇಶದಾದ್ಯಂತ ದಾಖಲೆಗಳು ಅವಸರದಲ್ಲಿ ತುಂಬಿದವು. ಹೀಗೆ ತುಂಬಿದ ಪುಸ್ತಕಕ್ಕೆ ಕಪಾಟಿನಲ್ಲಿ ಸ್ಥಾನ ಸಿಗುತ್ತದೆಯೇ ಹೊರತು ಊರಿನ ಬಾಳಿನಲ್ಲಲ್ಲ. ಯಾವ ಮಡುವಿನಲ್ಲಿ ಬೇಸಗೆಯಲ್ಲೂ ನೀರಿರುತ್ತದೆ, ಯಾವ ತೋಡಿನಲ್ಲಿ ಆಷಾಢದಲ್ಲಿ ಮರಿಮೀನು ಕಾಣುತ್ತದೆ, ಐವತ್ತು ವರ್ಷದ ಹಿಂದೆ ಎಲ್ಲೆಲ್ಲಿ ಕಾಣುತ್ತಿತ್ತು, ಇದು ಗೊತ್ತಿರುವುದು ಊರಿನ ಮುದುಕರಿಗೆ. ಅವರು ಹೇಳುವುದನ್ನು ತಾಳ್ಮೆಯಿಂದ ಕೇಳಿ ಬರೆಯಲು ಹದಿನೆಂಟು ಇಪ್ಪತ್ತರ ವಿದ್ಯಾರ್ಥಿಗಿಂತ ಯೋಗ್ಯರು ಬೇರೆ ಯಾರು? ಕಡಬದ ಕಿದುವಿನಲ್ಲಿ ಅಂತರರಾಷ್ಟ್ರೀಯ ತೆಂಗಿನ ತಳಿಭಂಡಾರವಿದೆ. ಒಂದೊಂದು ಮರಕ್ಕೂ ಅಲ್ಲಿ ಲೆಕ್ಕವುಂಟು. ಅದರ ಸುತ್ತಲಿನ ಹೊಳೆಗಳ ಮೀನಿಗ್ಯಾಕೆ ಲೆಕ್ಕವಿರಬಾರದು?

ಹೀಗೆ ಕೇಳಿ ತಿಳಿಯುವುದರ ಫಲ ಪಯಸ್ವಿನಿಯ ಕೆಳದಾರಿಯಲ್ಲಿಯೇ ಕಂಡಿದೆ. ಕ್ಯಾಂಟರನ ಮೃದುಚಿಪ್ಪಿನ ಆಮೆಯೆಂಬುದು ಬಾಳಿನ ಬಹುಪಾಲನ್ನು ಮರಳಿನೊಳಗೆ ಹುದುಗಿಯೇ ಕಳೆಯುವ, ಉಸಿರಿಗೆಂದು ದಿನಕ್ಕೆ ಒಂದೆರಡು ಬಾರಿ ಮೂಗು ಹೊರಚಾಚುವ ದೈತ್ಯ ಜೀವಿ. ಇದನ್ನು ಹುಡುಕುತ್ತ ಆಯುಷಿ ಜೈನ್ ಎಂಬ ತರುಣ ಸಂಶೋಧಕಿ ಕಾಸರಗೋಡಿನ ಚಂದ್ರಗಿರಿಯ ದಡಕ್ಕೆ ಬಂದರು. ಅವರು ಆಮೆಗಿಂತ ಮೊದಲು ಹುಡುಕಿದ್ದು ಮನುಷ್ಯರನ್ನು: ಮೀನುಗಾರರು, ದೋಣಿಯವರು, ದಡದ ಮನೆಯವರು. ಬಲೆಗೆ ಆಮೆ ಸಿಕ್ಕರೆ ಸುದ್ದಿ ಕೊಡುವ ಜನರ ಜಾಲವೊಂದು ಬೆಳೆಯಿತು. ಆಮೆ ಅಲ್ಲಿ ಮೊಟ್ಟೆಯಿಡುವುದು ದೃಢಪಟ್ಟಿತು. ನೆರೆಯಲ್ಲಿ ಮುಳುಗಿದ ಗೂಡಿನ ಮೊಟ್ಟೆಗಳನ್ನು ಎತ್ತಿ, ಹೊರಬಂದ ಮರಿಗಳನ್ನು ಹೊಳೆಗೆ ಬಿಟ್ಟರು. ಈ ಅಧ್ಯಯನ 2024ರಲ್ಲಿ ಪ್ರಕಟವಾಗಿ ಹೊರದೇಶಗಳಲ್ಲಿಯೂ ಸುದ್ದಿಯಾಯಿತು. ಕಾಸರಗೋಡು ಜಿಲ್ಲಾ ಪಂಚಾಯತಿಯು ಆ ಆಮೆಯನ್ನು ಜಿಲ್ಲೆಯ ಜೀವಿಯೆಂದು ಘೋಷಿಸಿದೆ. ಸುಳ್ಯದ ಸೇತುವೆಯಡಿ ಹಾದುಹೋಗುವ ನೀರೇ ಆ ಆಮೆಯ ಮನೆಗೂ ಹೋಗುವುದು.

ಉತ್ಸಾಹಿಗಳಿಗೆ ಒಂದು ಎಚ್ಚರಿಕೆ ಮಾತ್ರ ಅಗತ್ಯ. ಮೀನು ಕಡಿಮೆಯಾಯಿತೆಂದು ಎಲ್ಲಿಂದಲೋ ಮರಿ ತಂದು ಹೊಳೆಗೆ ಬಿಡುವ ಸಮಾರಂಭಗಳು ಪತ್ರಿಕೆಯ ಚಿತ್ರಕ್ಕೆ ಚೆಂದ. ಕಾವೇರಿಯಲ್ಲಿ ಆದದ್ದನ್ನು ನೋಡಬೇಕು. ಲೋಣಾವಳದ ಸಾಕಣೆಯಲ್ಲಿ 1970ರ ದಶಕದಿಂದ ಬೆಳೆಸಿದ ನೀಲಿ ರೆಕ್ಕೆಯ ಮಹಸೀರಿನ ಮರಿಗಳು ಕಾವೇರಿಗೂ ಬಂದವು. ಬಂದವು ಬೆಳೆದು, ಆ ನದಿಗೇ ವಿಶಿಷ್ಟವಾದ ಗೂನುಬೆನ್ನಿನ ಮಹಸೀರನ್ನು ಮೂಲೆಗೊತ್ತಿದವು. ಗೂನುಬೆನ್ನಿನ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾದದ್ದೇ 2018ರಲ್ಲಿ. ಅಷ್ಟು ಹೊತ್ತಿಗೆ ಅದು ಅಳಿವಿನ ಅಂಚಿಗೆ ಬಂದಾಗಿತ್ತು. ಕುಮಾರಧಾರೆಗೆ ಹೊರಗಿನ ಮರಿ ಬೇಕಿಲ್ಲ. ಅದರ ಮೀನು ಹೊಳೆ ಹತ್ತಿ ಇಳಿದು ಬರಲು ದಾರಿ ಸುರಕ್ಷಿತವಾಗಿದ್ದರೆ ಸಾಕು.

ಆ ದಾರಿ ತೆರೆಯುವುದು ಜೂನಿನಲ್ಲಿ. ನೆಕ್ಕಿಲಾಡಿಯ ಕಿಂಡಿ ಅಣೆಕಟ್ಟಿನ ಹಲಗೆಗಳನ್ನು ಆ ಹೊತ್ತಿಗೆ ತೆಗೆದಿರುತ್ತಾರೆ. ತುಳುವಿನಲ್ಲಿ ಉಬಾರ್ ಎಂದೇ ಹೆಸರಾದ ಉಪ್ಪಿನಂಗಡಿಯಲ್ಲಿ ಎರಡು ನದಿಗಳ ಕೆನ್ನೀರು ಎಂದು ಕೂಡೀತೆಂದು ಜನ ಕಾಯುತ್ತಿರುತ್ತಾರೆ. ಜೂನ್, ಜುಲೈ ಎರಡು ತಿಂಗಳು ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಸಮುದ್ರಕ್ಕಿಳಿಯುವಂತಿಲ್ಲ. ಪೇಟೆಯಲ್ಲಿ ಮೀನು ದುಬಾರಿಯಾಗಿ, ಹೊಳೆ ಹತ್ತುವ ಮೀನಿನ ಮೇಲೆ ಕಣ್ಣು ಬೀಳುವ ಕಾಲ ಅದು. ತೋಟಗಳಲ್ಲಿ ಮೈಲುತುತ್ತದ ಪೀಪಾಯಿಗಳು ಹೊರಬಂದಿರುತ್ತವೆ. ಮಳೆಗೆ ಯಾತ್ರಿಕರು ವಿರಳವಾಗಿ ಮತ್ಸ್ಯತೀರ್ಥದ ಮೆಟ್ಟಿಲುಗಳ ಮೇಲೆ ಪಾಚಿ ಬೆಳೆದಿರುತ್ತದೆ. ಕೆಂಪು ನೀರಿನಲ್ಲಿ ದೇವರ ಮೀನು ಇದೆಯೋ ಹೋಯಿತೋ ದಡದಲ್ಲಿ ನಿಂತವರಿಗೆ ತಿಳಿಯುವುದಿಲ್ಲ. ತುಂಬು ಹೊಟ್ಟೆಯ ಹೆಣ್ಣು ಮಹಸೀರು ಆಗ ದೇವಸ್ಥಾನದ ಎಲ್ಲೆ ದಾಟಿ, ಹೆಸರಿಲ್ಲದ ಯಾವುದೋ ತೋಡಿನ ಬಾಯಿಯಲ್ಲಿ, ಯಾರದೋ ತೋಟದ ಬದಿಯಲ್ಲಿ, ಗರಸುಗಲ್ಲಿನ ತಳ ಹುಡುಕುತ್ತಿರುತ್ತದೆ.